ದಪ್ಪ ತಂತಿಯೂ ಕೇಳಬೇಕು

ಅಮೆರಿಕದ ಸನ್ನಿವೇಲ್ ಊರಿನ ಸ್ನೇಹಿತರ ಮನೆಯಲ್ಲಿ ಶನಿವಾರದ ಭಜನೆ ಶುರುವಾಗುವ ಹೊತ್ತಿಗೆ ಗಿಟಾರಿನ ವಯರನ್ನು ಸ್ಪೀಕರಿಗೆ ಸಿಕ್ಕಿಸಿ ಮೀಟಿದೆ. ಐದು ತಂತಿಗಳು ಮೊಳಗಿದವು, ದಪ್ಪ ತಂತಿ ಮಾತ್ರ ಪಿಸುಗುಟ್ಟಿತು. ತಬಲಾ ಸದ್ದಿನಲ್ಲಿ ನನ್ನ ವಾದ್ಯ ಮುಳುಗಿಹೋಗುತ್ತದೆಂದು, ಸದ್ದನ್ನು ಸ್ಪೀಕರಿಗೆ ಒಯ್ಯುವ ಪಿಕಪ್ಪನ್ನು ನಾನೇ ಅದರೊಳಗೆ ಕೂರಿಸಿದ್ದೆ.

“ಆಂಟಿ, ಈ ವಯಸ್ಸಲ್ಲಿ ಇದೆಲ್ಲ ಯಾಕೆ? ಗಿಟಾರು ಪಕ್ಕಕ್ಕಿಟ್ಟು ತಾಳ ಹಾಕಿ ಸಾಕು,” ಎಂದು ಭಜನೆ ನಡೆಸುವ ರವಿ ತಾಳಗಳನ್ನು ನನ್ನ ಮಡಿಲಲ್ಲಿಟ್ಟ.

“ನಿನ್ನ ಕೈ ಖಾಲಿ ಇದೆಯಲ್ಲಪ್ಪ, ನೀನೇ ಹಾಕು,” ಎಂದು ವಾಪಸು ಕೊಟ್ಟು ಎದ್ದೆ.

ಅಡುಗೆಮನೆಯಲ್ಲಿ ತಂತಿಗಳನ್ನು ಸಡಿಲಿಸಿ, ಅವು ಒರಗುವ ಬಿಳಿ ಪಟ್ಟಿಯನ್ನು ಹೊರತೆಗೆದೆ. ಪಿಕಪ್ ಇರುವುದು ಅದರ ಅಡಿಯಲ್ಲಿ. ಪಿಕಪ್ ಕೂರಿಸುವಾಗ ಪಟ್ಟಿಯನ್ನು ಕೈಯಲ್ಲೇ ಹಿಡಿದು ಉಜ್ಜಿದ್ದರಿಂದ ತಳದಲ್ಲಿ ದಪ್ಪ ತಂತಿಯ ಕಡೆಯ ತುದಿ ಹೆಚ್ಚು ಸವೆದು, ಪಿಕಪ್ಪಿಗೆ ತಾಗುತ್ತಲೇ ಇರಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಉಪ್ಪುಕಾಗದ ಹಾಸಿ, ತಳ ಸಮವಾಗುವವರೆಗೆ ಉಜ್ಜಿದೆ. ಹಾಲ್‌ನಲ್ಲಿ ನನ್ನನ್ನು ಬಿಟ್ಟೇ ಭಜನೆ ಶುರುವಾಗಿತ್ತು. ಪಟ್ಟಿ ಕೂರಿಸಿ, ಶ್ರುತಿ ಮಾಡಿ, ಅವರ ನಡುವೆಯೇ ಕೂತು ವಯರು ಸಿಕ್ಕಿಸಿ ದಪ್ಪ ತಂತಿಯನ್ನು ಮೀಟಿದೆ. ಅದೂ ಮೊಳಗಿತು. ತಬಲಾದವರು ತಿರುಗಿ ನೋಡಿ ನಕ್ಕರು.

ಈಗ ಪ್ರತಿ ಶನಿವಾರ ಎಲ್ಲರಿಗಿಂತ ಮೊದಲೇ ಹೋಗಿ ವಯರು ಸಿಕ್ಕಿಸಿ ಕೂರುತ್ತೇನೆ. ತಾಳ ರವಿಯೇ ಹಾಕುತ್ತಾನೆ.