ಏಲಕ್ಕಿ ಬಿಯರಿಗೆ ಮೂವತ್ತಾರು ಅಂಕ

ಕಳೆದ ಶನಿವಾರ ಡಾಲಸ್ ಪಕ್ಕದ ನಮ್ಮ ಕ್ಯಾರಲ್ಟನ್ನಿನ ಅಂಗಡಿಯಿಂದ ದಿನಸಿ ತರುವಾಗ ಕಾರಿನ ಡಿಕ್ಕಿಯಲ್ಲಿ ಏಲಕ್ಕಿ ಪೊಟ್ಟಣವೊಂದು ಒಡೆದುಹೋಯಿತು. ಅದರ ಮೇಲೆ ಅಕ್ಕಿ ಮೂಟೆ ಇಟ್ಟವನು ನಾನೇ ಆದ್ದರಿಂದ ಬೈಯಲು ಬೇರೆ ಯಾರೂ ಸಿಗಲಿಲ್ಲ. ಡಿಕ್ಕಿಯ ಮ್ಯಾಟನ್ನು ಎರಡು ಸಲ ಕೊಡವಿದೆ, ವ್ಯಾಕ್ಯೂಮ್ ಹಾಕಿದೆ. ಆದರೆ ಟೆಕ್ಸಸ್ಸಿನ ಬಿಸಿಲು ಗೊತ್ತಲ್ಲ, ಆಫೀಸಿನ ಪಾರ್ಕಿಂಗಿನಲ್ಲಿ ಎಂಟು ಗಂಟೆ ಬೆಂದ ಕಾರಿನ ಬಾಗಿಲು ತೆಗೆದರೆ ಮದುವೆಮನೆಯ ಅಡುಗೆಕೋಣೆಗೆ ಕಾಲಿಟ್ಟ ಹಾಗಾಗುತ್ತದೆ. ಮನೆಯವಳಿಗೆ ಸಂತೋಷ. ನನಗೆ ಮಾತ್ರ ಸ್ಟಿಯರಿಂಗ್ ಹಿಡಿದು ಕೂತರೆ ಕಿವಿ ಬಿಸಿಯಾಗುತ್ತದೆ.

ನಿಮಗೆ ಏಲಕ್ಕಿ ಅಂದರೆ ಪಾಯಸ ನೆನಪಾಗಬಹುದು, ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ಆಸ್ಟಿನ್ನಿನ ಒಂದು ಸಭಾಂಗಣ, ಅಲ್ಲಿ ಪೆನ್ಸಿಲ್ ಹಿಡಿದು ಸುಳ್ಳು ಬರೆಯುತ್ತಿದ್ದ ನಾನು. ಹೇಳಿಕೊಂಡರೆ ಹಗುರಾಗುತ್ತದೆ, ಸ್ವಲ್ಪ ಕೇಳಿ.

ಮೊದಲು ಬಸಣ್ಣನ ಪರಿಚಯ ಮಾಡಿಕೊಡಬೇಕು. ಬಸಣ್ಣ ಹಾವೇರಿ ಕಡೆಯವರು, ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಎಂಬ ಭಾಗದಲ್ಲಿ ತೈಲ ಕಂಪನಿಯೊಂದರ ಎಂಜಿನಿಯರ್. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರು. ಮೈಸೂರಿನಿಂದ ಪ್ರಾಜೆಕ್ಟಿನ ಮೇಲೆ ಬಂದಿಳಿದ ನನಗೆ ಆ ಊರಿನಲ್ಲಿ ಕಾರೂ ಇರಲಿಲ್ಲ, ಅಡುಗೆಯೂ ಬರುತ್ತಿರಲಿಲ್ಲ. ಬಸಣ್ಣ ಮತ್ತು ಅವರ ಹೆಂಡತಿ ಗಿರಿಜಕ್ಕ ಆರು ತಿಂಗಳು ನನಗೆ ರೊಟ್ಟಿ ಬಡಿಸಿದರು. ಆಮೇಲೆ ನಾನು ಡಾಲಸ್ ಕಡೆಗೆ ಶಿಫ್ಟ್ ಆದೆ. ಆದರೂ ಆ ಮನೆಯ ಋಣ ನನ್ನ ಹೊಟ್ಟೆಯಲ್ಲಿ ಹಾಗೇ ಇದೆ.

ಮನೆಯಲ್ಲಿ ಬಿಯರ್ ಮಾಡುವುದನ್ನು ನನಗೆ ಕಲಿಸಿದವರೂ ಅವರೇ. ಬಾರ್ಲಿಯ ಮೊಳಕೆಕಾಳನ್ನು ಬಿಸಿನೀರಿನಲ್ಲಿ ನೆನೆಸುವುದು, ಬಸಿದ ಸಿಹಿನೀರನ್ನು ಹಾಪ್ಸ್ ಹೂವಿನ ಜೊತೆ ಕುದಿಸುವುದು, ಆರಿಸಿ ಯೀಸ್ಟ್ ಹಾಕಿ ಎರಡು ಮೂರು ವಾರ ಸುಮ್ಮನಿರುವುದು. ಸುಮ್ಮನಿರುವುದೇ ಕಷ್ಟದ ಭಾಗ. ಬಸಣ್ಣ ದಿನಕ್ಕೆ ನಾಲ್ಕು ಸಲ ಗ್ಯಾರೇಜಿಗೆ ಹೋಗಿ, ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡುವ ಹಾಗೆ ಬಗ್ಗಿ ನೋಡಿ ಬರುತ್ತಿದ್ದರು. ಸಿದ್ಧವಾದ ಮೇಲೆ ಮೊದಲ ಗ್ಲಾಸು ನನಗೆ. ಅವರು ನನ್ನ ಮುಖ ನೋಡುತ್ತಾ ನಿಲ್ಲುತ್ತಿದ್ದರು, ನಾನು ಗುಟುಕರಿಸುವ ಮೊದಲೇ "ಸೂಪರ್ ಬಸಣ್ಣ" ಅನ್ನುತ್ತಿದ್ದೆ. ಏಳು ವರ್ಷ ಹೀಗೇ ಅಂದಿದ್ದೇನೆ. ರೊಟ್ಟಿ ತಿಂದ ಬಾಯಿಂದ ಬೇರೇನು ಬಂದೀತು?

ಬಸಣ್ಣನಿಗೆ ಒಂದೇ ಒಂದು ಆಸೆ. ಆಸ್ಟಿನ್ನಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಮನೆ-ಬಿಯರ್ ಸ್ಪರ್ಧೆಯಲ್ಲಿ ಒಂದು ಪದಕ. ಮಸಾಲೆ ಬಿಯರ್ ವಿಭಾಗಕ್ಕೆ ನಾಲ್ಕು ವರ್ಷ ಏಲಕ್ಕಿ ಬಿಯರ್ ಕಳಿಸಿದರು, ನಾಲ್ಕು ವರ್ಷವೂ ಬರಿಗೈಯಲ್ಲಿ ಬಂದರು. ತೀರ್ಪುಗಾರರು ಬರೆದ ಅಂಕಪಟ್ಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಟ್ಟು, ಮನೆಗೆ ಬಂದವರಿಗೆ ಓದಿ ತೋರಿಸುತ್ತಿದ್ದರು. ಈ ಮಂದಿಗೆ ನಮ್ಮ ನಾಲಿಗೆ ತಿಳಿಯೋದಿಲ್ಲ ಎಂಬುದು ಅವರ ತೀರ್ಮಾನ. ನಾನೂ ತಲೆಯಾಡಿಸುತ್ತಿದ್ದೆ.

ಅಷ್ಟರಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ನನ್ನ ಮೂಗು ಚುರುಕು ಎಂದು ಯಾರೋ ಹೊಗಳಿದ್ದಕ್ಕೆ ಉಬ್ಬಿ, ತೀರ್ಪುಗಾರರ ಪರೀಕ್ಷೆಗೆ ಕೂತು ಪಾಸಾಗಿಬಿಟ್ಟೆ. ಓದುವಾಗ ದೊಡ್ಡ ಕಷ್ಟವಾದದ್ದು ವಾಸನೆಗಳಿಗೆ ಹೆಸರು ಹಚ್ಚುವುದು. ನನ್ನ ತಲೆಯಲ್ಲಿ ಕಮಟು, ಮುಗ್ಗಲು, ಸೀದದ್ದು, ಹಸಿ ಎಂದೇ ಬರುತ್ತಿತ್ತು. ಅಲ್ಲಿ ಒದ್ದೆ ರಟ್ಟು, ಬೇಯಿಸಿದ ಜೋಳ, ಹಸಿರು ಸೇಬು ಎಂದು ಬರೆಯಬೇಕು. ಬೆಣ್ಣೆ ಕಾಯಿಸಿದ ಘಮ ಬಂದರೆ ಅದು ದೋಷವಂತೆ. ಮೊದಲ ಅಭ್ಯಾಸದಲ್ಲಿ ನಾನು ಅದನ್ನೇ ಹಾಡಿ ಹೊಗಳಿ ಎಲ್ಲರನ್ನೂ ನಗಿಸಿದ್ದೆ.

ಹೋದ ವರ್ಷ ಸ್ಪರ್ಧೆಗೆ ಒಂದು ವಾರವಿದ್ದಾಗ ಬಸಣ್ಣನ ಫೋನ್ ಬಂತು. ಆ ಸಲದ ಬಿಯರನ್ನು ನಾನಿನ್ನೂ ರುಚಿ ನೋಡಿರಲಿಲ್ಲ. ನನಗೆ ಮಸಾಲೆ ಬಿಯರಿನ ಮೇಜು ಸಿಕ್ಕಿದೆ ಎಂದು ಯಾರಿಂದಲೋ ತಿಳಿದಿದ್ದರು. ಮಳೆ, ಮಕ್ಕಳು, ಆಫೀಸು ಎಂದು ಎಲ್ಲ ಮಾತಾಡಿ ಕೊನೆಗೆ ಅಂದರು, "ನೀ ಏನೂ ಮಾಡಬ್ಯಾಡ ತಮ್ಮಾ. ನಿನಗ ಗೊತ್ತಾಗತೈತಿ, ಅಷ್ಟ ಸಾಕು."

ಪದಕ ಕೊಡಿಸು ಅಂದಿದ್ದರೆ ಆಗಲ್ಲ ಬಸಣ್ಣ ಅನ್ನಬಹುದಿತ್ತು. ಏನೂ ಮಾಡಬೇಡ ಅಂದವರಿಗೆ ಏನು ಹೇಳುವುದು? ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ. ಕ್ಯಾರಲ್ಟನ್ನಿನಿಂದ ಆಸ್ಟಿನ್ನಿಗೆ ಮೂರೂವರೆ ಗಂಟೆ ಡ್ರೈವ್ ಮಾಡುವಾಗಲೂ ಅದೇ ಚಿಂತೆ. ಅವರನ್ನು ಕೈಬಿಟ್ಟರೆ ಉಂಡ ಮನೆಗೆ ಅನ್ಯಾಯ, ಕೈಹಿಡಿದರೆ ಪೆನ್ಸಿಲಿಗೆ ಅನ್ಯಾಯ.

ಅಲ್ಲಿನ ವ್ಯವಸ್ಥೆ ಹೇಗಿದೆ ಅಂದರೆ, ಯಾರ ಬಿಯರ್ ಯಾವುದೆಂದು ತೀರ್ಪುಗಾರರಿಗೆ ತಿಳಿಯಲೇಬಾರದು. ಎಲ್ಲವೂ ಕಂದು ಬಾಟಲಿಗಳು, ಲೇಬಲ್ ಇಲ್ಲ, ಮುಚ್ಚಳದ ಮೇಲೆ ಏನಾದರೂ ಇದ್ದರೆ ಕಪ್ಪು ಮಾರ್ಕರಿನಿಂದ ಅಳಿಸಿರಬೇಕು. ಇರುವುದು ಒಂದು ಸಂಖ್ಯೆ, ಜೊತೆಗೆ ಯಾವ ಮಸಾಲೆ ಹಾಕಿದೆ ಎಂಬ ಒಂದು ಸಾಲು. ಮೇಜಿಗೆ ಇಬ್ಬರು. ಬರೆದು ಮುಗಿಸುವವರೆಗೆ ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ, ಮುಖ ಕಿವುಚುವಂತೆಯೂ ಇಲ್ಲ. ಒಟ್ಟು ಐವತ್ತು ಅಂಕ. ಪರಿಮಳಕ್ಕೆ ಹನ್ನೆರಡು, ರುಚಿಗೆ ಇಪ್ಪತ್ತು, ಬಾಯಲ್ಲಿ ಕೂರುವ ಹದಕ್ಕೆ ಐದು, ಒಟ್ಟಾರೆ ಅನಿಸಿಕೆಗೆ ಹತ್ತು. ರೂಪಕ್ಕೆ ಬರೀ ಮೂರು. ಹೆಣ್ಣು ನೋಡಲು ಹೋಗುವ ನಮ್ಮವರಿಗೆಲ್ಲ ಈ ಪಟ್ಟಿಯ ಒಂದೊಂದು ಪ್ರತಿ ಹಂಚಬೇಕು ಎಂದು ನನಗೆ ಆಗಾಗ ಅನ್ನಿಸುತ್ತದೆ. ಕುಡಿಯಲಾಗದ ಬಿಯರಿಗೂ ಹದಿಮೂರು ಅಂಕ ಕೊಡುತ್ತಾರೆ, ಮಾಡಿದವರ ಮನಸ್ಸು ನೋಯಬಾರದೆಂದು. ಇಬ್ಬರ ಅಂಕಗಳ ನಡುವೆ ಏಳಕ್ಕಿಂತ ಹೆಚ್ಚು ಅಂತರವಿದ್ದರೆ ಕೂತು ಮಾತಾಡಿ ಹತ್ತಿರ ಬರಬೇಕು. ಅಂಕಪಟ್ಟಿಯ ಮೇಲೆ ತೀರ್ಪುಗಾರರ ಹೆಸರಿರುತ್ತದೆ, ಸ್ಪರ್ಧೆ ಮುಗಿದ ಮೇಲೆ ಅದು ಬಿಯರ್ ಮಾಡಿದವರ ಕೈಗೇ ಹೋಗುತ್ತದೆ. ರುಚಿ ನೋಡಿದ ಬಿಯರ್ ಪರಿಚಿತರದು ಅನ್ನಿಸಿದರೆ ತಕ್ಷಣ ಹೇಳಿ, ಬೇರೆ ಮೇಜಿಗೆ ದಾಟಿಸಬೇಕು. ಅದೂ ನಿಯಮವೇ, ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದ ನಿಯಮ.

ನನ್ನ ಜೊತೆ ಕೂತವರು ಲಿಂಡಾ ಎಂಬ ನಿವೃತ್ತ ಶಾಲಾ ಟೀಚರು. ಮೂರನೆಯ ಬಾಟಲಿ ಬಂದಾಗ ಹಾಳೆಯ ಮೇಲಿನ ಸಾಲು ಓದಿದೆ. ಏಲಕ್ಕಿ ಅಂತಿತ್ತು. ಟೆಕ್ಸಸ್ಸಿನಲ್ಲಿ ಬಿಯರಿಗೆ ಏಲಕ್ಕಿ ಹಾಕುವವರು ಬಸಣ್ಣನನ್ನು ಬಿಟ್ಟು ಇನ್ನು ಯಾರಿದ್ದಾರೆ?

ಹೇಳಬೇಕಿತ್ತು, ಹೇಳಲಿಲ್ಲ. ಕುಡಿದು ನೋಡಿದೆ. ತೆಳ್ಳಗಿತ್ತು, ಏಲಕ್ಕಿ ಕೆಮ್ಮಿನ ಔಷಧಿಯ ಹಾಗೆ ಮೂಗಿಗೆ ಹೊಡೆಯುತ್ತಿತ್ತು, ಕೊನೆಯಲ್ಲಿ ಸಿಪ್ಪೆಯ ಒಗರು. ಅದನ್ನೆಲ್ಲ ಪ್ರಾಮಾಣಿಕವಾಗಿ ಬರೆದೆ. ಅಂಕ ಕೂಡುವ ಹೊತ್ತಿಗೆ ಗಿರಿಜಕ್ಕನ ರೊಟ್ಟಿ ಕಣ್ಣೆದುರು ಬಂತು. ಕೈ ತಾನಾಗಿ ಮೂವತ್ತಾರು ಎಂದು ಬರೆಯಿತು.

ಲಿಂಡಾ ಇಪ್ಪತ್ತೇಳು ಕೊಟ್ಟಿದ್ದರು. ನನ್ನ ಹಾಳೆಯನ್ನು ತೆಗೆದುಕೊಂಡು, ಮಕ್ಕಳ ಕಾಪಿ ತಿದ್ದಿ ರೂಢಿಯಾದವರ ಹಾಗೆ ಮೇಲಿಂದ ಕೆಳಗೆ ಓದಿದರು. ಆಮೇಲೆ ಕನ್ನಡಕದ ಮೇಲಿಂದ ನೋಡಿ ಮೆಲ್ಲಗೆ ಕೇಳಿದರು, "ನಿಮ್ಮ ಮಾತು ಇಪ್ಪತ್ತೇಳು ಅನ್ನುತ್ತಿದೆ, ನಿಮ್ಮ ಅಂಕ ಮೂವತ್ತಾರು ಅನ್ನುತ್ತಿದೆ. ನಾನು ಯಾವುದನ್ನು ನಂಬಲಿ?"

ನನಗೆ ನಾಚಿಕೆಯಿಂದ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಇದು ನನಗೆ ಬೇಕಾದವರದು ಅನ್ನಿಸುತ್ತಿದೆ, ಮೊದಲೇ ಹೇಳಬೇಕಿತ್ತು ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಸ್ಪರ್ಧೆ ನಡೆಸುವವರನ್ನು ಕರೆದು ವಿಷಯ ತಿಳಿಸಿದರು. ಆ ಬಿಯರಿನ ಇನ್ನೊಂದು ಬಾಟಲಿ ಬೇರೆ ಮೇಜಿಗೆ ಹೋಯಿತು, ನನ್ನ ಹಾಳೆ ಕಸದ ಬುಟ್ಟಿಗೆ ಹೋಯಿತು. ಪಕ್ಕದ ಮೇಜಿನ ಇಬ್ಬರೂ ಕುಡಿದು ಸುಮ್ಮನೆ ಬರೆದರು. ಬಸಣ್ಣನ ಐದನೆಯ ವರ್ಷವೂ ಮುಗಿಯಿತು, ಮುಗಿಸಿದವನು ನಾನು ಅಂದುಕೊಂಡೆ.

ಮುಂದಿನ ಬಾಟಲಿಗಳನ್ನು ಸತ್ತ ಮನಸ್ಸಿನಲ್ಲಿ ನೋಡಿದೆ. ಒಂದರ ಮೇಲೆ ಒಣ ಕೆಂಪು ಮೆಣಸಿನಕಾಯಿ ಅಂತಿತ್ತು. ಯಾವನೋ ದನ ಸಾಕುವ ಟೆಕ್ಸಸ್ಸಿನವನು, ಟೋಪಿ ಬೂಟು ಹಾಕಿಕೊಂಡು ಮಾಡಿರಬೇಕು ಎಂದು ಕಲ್ಪಿಸಿಕೊಂಡೆ. ಆದರೆ ಗ್ಲಾಸಿಗೆ ಸುರಿದಾಗ ಬಂದ ಕಡುಗೆಂಪು ಬಣ್ಣಕ್ಕೆ ಮೂರಕ್ಕೆ ಮೂರು ಕೊಟ್ಟೆ. ಬಣ್ಣಕ್ಕೆ ತಕ್ಕಷ್ಟು ಖಾರವಿಲ್ಲ, ಹುರಿದ ಘಮ ಹಿತವಾಗಿದೆ, ಕೊನೆಯಲ್ಲಿ ಸಿಹಿ ಸ್ವಲ್ಪ ಹೆಚ್ಚಾಯಿತು ಎಂದು ಬರೆದು ಮೂವತ್ತೆಂಟು ಹಾಕಿದೆ. ಲಿಂಡಾ ಮೂವತ್ತೇಳು. ಅದು ಮುಂದಿನ ಸುತ್ತಿಗೆ ಹೋಯಿತು. ಆ ಸುತ್ತಿನಲ್ಲಿ ಹಿರಿಯ ತೀರ್ಪುಗಾರರು ಮಾತ್ರ ಕೂತು, ಅಂಕ ಬದಿಗಿಟ್ಟು, ಒಳ್ಳೆಯವುಗಳನ್ನು ಒಂದರ ಪಕ್ಕ ಒಂದಿಟ್ಟು ಮೂರನ್ನು ಆರಿಸುತ್ತಾರೆ. ನನ್ನಂಥ ಹೊಸಬರಿಗೆ ಅಲ್ಲಿ ಜಾಗವಿಲ್ಲ. ನಾನು ಹೊರಗೆ ಬಂದು ಕಾರಿನಲ್ಲಿ ಕೂತೆ.

ಸಂಜೆ ಬಹುಮಾನದ ಹೊತ್ತಿಗೆ ಬಸಣ್ಣ, ಗಿರಿಜಕ್ಕ ಹ್ಯೂಸ್ಟನ್ನಿನಿಂದ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ. ನಾನು ಕಂಬದ ಮರೆಗೆ ನಿಂತೆ. ಮಸಾಲೆ ವಿಭಾಗದ ಮೂರನೆಯ ಸ್ಥಾನ ಯಾರಿಗೋ ಹೋಯಿತು. ಎರಡನೆಯ ಸ್ಥಾನ, ಒಣ ಕೆಂಪು ಮೆಣಸಿನಕಾಯಿಯ ಬಿಯರ್, ಹ್ಯೂಸ್ಟನ್ನಿನ ಬಸವರಾಜ್ ಎಂದು ಹೇಗೋ ಹೆಸರು ತಿರುಚಿ ಕೂಗಿದರು. ತಪ್ಪಿ ಓದಿದರು ಎಂದೇ ನಾನು ನಂಬಿದೆ. ಅಷ್ಟರಲ್ಲಿ ಬಸಣ್ಣ ವೇದಿಕೆಯ ಮೇಲಿದ್ದರು, ಗಿರಿಜಕ್ಕ ಫೋನಿನಲ್ಲಿ ವಿಡಿಯೊ ಹಿಡಿದಿದ್ದರು. ನಾಲ್ಕು ವರ್ಷದ ಅಂಕಪಟ್ಟಿಗಳನ್ನು ಕೇಳಿ ಸಾಕಾದ ಗಿರಿಜಕ್ಕನೇ ಏಲಕ್ಕಿ ಡಬ್ಬಿ ಬಚ್ಚಿಟ್ಟು, ಊರಿಂದ ತಂದ ಬ್ಯಾಡಗಿ ಮೆಣಸಿನಕಾಯಿ ಕೈಗಿತ್ತಿದ್ದರಂತೆ. ಹಾವೇರಿ ಕಡೆಯ ಮನುಷ್ಯ ಬೇರೇನು ಹಾಕಿಯಾನು ಎಂದು ನನಗೆ ಹೊಳೆಯಲೇ ಇಲ್ಲ ನೋಡಿ.

ಹಾಗಾದರೆ ಏಲಕ್ಕಿಯವರು ಯಾರು? ಬಿಳಿ ಕೂದಲಿನ ಅಜ್ಜಿಯೊಬ್ಬರು ಅಂಕಪಟ್ಟಿ ಹಿಡಿದು ಲಿಂಡಾರಿಗೆ ದೂರು ಹೇಳುತ್ತಿದ್ದರು. ತಮ್ಮ ಅಜ್ಜಿ ಸ್ವೀಡನ್ನಿನಿಂದ ಬಂದವರಂತೆ, ಮನೆಯ ಬ್ರೆಡ್ಡಿಗೆ ಇದರ ಎರಡರಷ್ಟು ಏಲಕ್ಕಿ ಹಾಕುತ್ತಿದ್ದರಂತೆ, ಈ ತೀರ್ಪುಗಾರರಿಗೆ ನಮ್ಮ ನಾಲಿಗೆ ತಿಳಿಯುವುದಿಲ್ಲವಂತೆ. ನನಗೆ ನಗು ತಡೆಯಲಾಗಲಿಲ್ಲ.

ನಗುತ್ತಲೇ ಬಸಣ್ಣನನ್ನು ಅಭಿನಂದಿಸಲು ಹೋದೆ. ಅವರು ನಗುತ್ತಿರಲಿಲ್ಲ. ಲಕೋಟೆ ಒಡೆದು ಅಂಕಪಟ್ಟಿ ನೋಡಿದ್ದರು, ಅದರ ಮೇಲೆ ನನ್ನ ಹೆಸರಿತ್ತು. ಪದಕವನ್ನು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು. ನನ್ನನ್ನು ಗೋಡೆಯ ಬದಿಗೆ ಕರೆದುಕೊಂಡು ಹೋದರು.

"ಖರೇ ಹೇಳು ತಮ್ಮಾ. ನಂದು ಅಂತ ಗೊತ್ತಾಗಿ ಹಾಕಿದೇನು?"

ಫೋನಿನಲ್ಲಿ ಆ ಮಾತು ಆಡಿದ್ದಕ್ಕೆ ಅವರೂ ಒಂದು ವಾರ ಸಂಕಟಪಟ್ಟಿದ್ದರೆಂದು ಆ ಮುಖ ನೋಡಿದ ಮೇಲೆ ತಿಳಿಯಿತು. ಬರೀ ಇಲ್ಲ ಅಂದಿದ್ದರೆ ಅವರು ನಂಬುತ್ತಿರಲಿಲ್ಲ. ಏಳು ವರ್ಷ ಸೂಪರ್ ಅಂದವನ ಇಲ್ಲಕ್ಕೆ ಏನು ಬೆಲೆ? ಅವರ ಪದಕ ಉಳಿಯಬೇಕಿದ್ದರೆ ನನ್ನ ಮರ್ಯಾದೆ ಹೋಗಬೇಕಿತ್ತು.

"ಇಲ್ಲ ಬಸಣ್ಣ. ಏಲಕ್ಕಿದು ನಿಮ್ಮದು ಅಂದ್ಕೊಂಡಿದ್ದೆ. ಚೆನ್ನಾಗಿರಲಿಲ್ಲ, ಆದ್ರೂ ಮೂವತ್ತಾರು ಹಾಕಿದ್ದೆ. ಆಮೇಲೆ ಆಗ್ಲಿಲ್ಲ, ಹೇಳಿ ಬೇರೆ ಟೇಬಲ್‌ಗೆ ಕೊಟ್ಬಿಟ್ಟೆ. ನಿಮ್ಮನ್ನ ಕೈಬಿಟ್ಟೆ ಅಂತಾನೇ ಅಂದ್ಕೊಂಡಿದ್ದೆ."

ಬಸಣ್ಣ ಕೈಯಲ್ಲಿದ್ದ ಪದಕವನ್ನು ತಿರುಗಿಸಿ ಹಿಂದೆ ಮುಂದೆ ನೋಡಿದರು.

"ಹಂಗಾರ ಇದು ಖರೇನ ನಂದು."

ಹಾಗೆ ಅಂದು ಅದನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. ನನ್ನ ಹೆಗಲ ಮೇಲೆ ಕೈ ಹಾಕಿ ನಡೆಸಿಕೊಂಡು ಹೋಗಿ ಗಿರಿಜಕ್ಕನಿಗೆ ಇನ್ನೊಂದು ಫೋಟೊ ತೆಗೆಯಲು ಹೇಳಿದರು. ಒಂದು ವಾರದ ಮೇಲೆ ನನಗೆ ಅಂದು ಭರ್ಜರಿ ಹಸಿವಾಯಿತು.

ಮೊನ್ನೆ ಭಾನುವಾರ ಬಸಣ್ಣ, ಗಿರಿಜಕ್ಕ ನಮ್ಮ ಮನೆಗೆ ಬಂದಿದ್ದರು. ಬಸಣ್ಣ ಹೊಸದೊಂದು ಬಾಟಲಿ ತಂದಿದ್ದರು, ಈ ವರ್ಷದ ಸ್ಪರ್ಧೆಗೆಂದು ಮಾಡಿದ್ದು. ಗ್ಲಾಸಿಗೆ ಸುರಿದುಕೊಟ್ಟು ಮೊದಲಿನ ಹಾಗೆಯೇ ನನ್ನ ಮುಖ ನೋಡುತ್ತಾ ನಿಂತರು. ನಾನು ಮೂಸಿದೆ, ಕುಡಿದೆ, ಇನ್ನೊಮ್ಮೆ ಕುಡಿದೆ. ನೀರಾಗಿದೆ ಬಸಣ್ಣ, ಶುಂಠಿ ಹಸಿ ಹೊಡೀತಿದೆ ಅಂದೆ. ಅಡುಗೆಮನೆಯಿಂದ ಹೆಂಗಸರು ಇಣುಕಿದರು.

"ಎಷ್ಟ ಹಾಕ್ತಿ?" ಎಂದು ಬಸಣ್ಣ ಕೇಳಿದರು.

ಇಪ್ಪತ್ತಾರು ಅಂದೆ, ಕಿವಿ ಬಿಸಿಯಾಗಲಿಲ್ಲ.

ಬಸಣ್ಣ ಕುರ್ಚಿ ಎಳೆದುಕೊಂಡು ನನ್ನೆದುರು ಆರಾಮಾಗಿ ಕೂತರು. "ನಾ ಇಪ್ಪತ್ನಾಕ ಹಾಕಿದ್ದೆ" ಅಂದರು.