ಅತ್ತೆಯ ಎರಡನೇ ಸ್ನಾನ

“ಏಳವ್ವಾ, ಇದನ್ನ ನುಂಗು.”

ಕಣ್ಣು ಬಿಟ್ಟರೆ, ಆಗಷ್ಟೇ ಸ್ನಾನ ಮುಗಿಸಿ ಮಡಿ ಉಟ್ಟಿದ್ದ ನಮ್ಮತ್ತೆ ನನ್ನ ಹಾಸಿಗೆಯ ಮೇಲೆಯೇ ಕುಳಿತಿದ್ದರು! ಒಂದು ಕೈಯಲ್ಲಿ ನೀರಿನ ಲೋಟ. ಇನ್ನೊಂದರಲ್ಲಿ, ನಾನು ಬೀರುವಿನಲ್ಲಿ ಸೀರೆಗಳಡಿ ಬಚ್ಚಿಟ್ಟಿದ್ದ ಥೈರಾಯ್ಡ್ ಗುಳಿಗೆಯ ಡಬ್ಬಿ.

ರಾಯಚೂರಿನ ಡಾಕ್ಟರು ಎರಡು ಸಲ ರಕ್ತ ಪರೀಕ್ಷೆ ಮಾಡಿಸಿ, ದಿನಾ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು ನುಂಗಬೇಕು ಎಂದಿದ್ದರು. ಮಾನ್ವಿಯ ನಮ್ಮ ಮನೆಯಲ್ಲಿ ಪೂಜೆಯಾಗಿ ತೀರ್ಥ ತೆಗೆದುಕೊಳ್ಳುವ ತನಕ ಹೆಂಗಸರು ಹನಿ ನೀರೂ ಕುಡಿಯುವುದಿಲ್ಲ. ಅತ್ತೆ ಒಪ್ಪುವುದಿಲ್ಲವೆಂದು ನಾನೇ ತೀರ್ಮಾನಿಸಿ, ‘ಬರೀ ಸುಸ್ತು ತಾನೇ’ ಎಂದುಕೊಂಡು ತಿಂಗಳಿಂದ ಗುಳಿಗೆ ನುಂಗದೆ ಸುಮ್ಮನಿದ್ದೆ.

“ಅತ್ತೀ, ಹಾಸಿಗಿ ಮುಟ್ಟೀರಿ, ಮಡಿ ಕೆಡ್ತಲ್ರೀ!” ಎಂದೆ.

“ಮತ್ತ ಸ್ನಾನ ಮಾಡಿದ್ರ ಮಡಿ ಬರ್ತದ. ನಿನ್ನಿ ಸೀರಿ ಮಡಚಿ ಇಡೂವಾಗ ಡಬ್ಬಿನೂ ಡಾಕ್ಟರ ಚೀಟಿನೂ ಸಿಕ್ವು. ನೀ ಒಲಿ ಮುಂದ ನಿಂತಲ್ಲೇ ತೂಕಡಿಸೋದು ನನಗ ನೋಡ್ಲಿಕ್ಕೆ ಆಗವಲ್ದು.”

ನುಂಗಿದೆ. ಅವರು ಎದ್ದು ಮತ್ತೆ ಬಚ್ಚಲಿಗೆ ಹೋದರು. ಆ ಚಳಿಯಲ್ಲಿ ತಣ್ಣೀರು ಸುರಿದುಕೊಳ್ಳುವ ಸದ್ದು ಕೇಳಿಸಿತು.

ಈಗ ಎಚ್ಚರವಾದೊಡನೆ ನನ್ನ ಕೈ ಆ ಡಬ್ಬಿಗೇ ಹೋಗುತ್ತದೆ. ಒಂದು ದಿನವೂ ತಪ್ಪಿಸಿಲ್ಲ. ತಪ್ಪಿಸಿದರೆ ಆ ಎಪ್ಪತ್ತರ ಜೀವ ಮತ್ತೆ ಎರಡೆರಡು ಸಲ ತಣ್ಣೀರು ಸುರಿದುಕೊಳ್ಳುತ್ತದೆ, ನನಗೆ ಗೊತ್ತು.