ಕಲ್ಲು ಓದುತ್ತಿದ್ದ ಅಕ್ಕೋರು

ನಮಗೆ ಇತಿಹಾಸ ಕಲಿಸುತ್ತಿದ್ದ ಅಕ್ಕೋರ ಸೀರೆಯ ಮೇಲೆ, ಮೊಣಕಾಲು ಬರುವ ಜಾಗದಲ್ಲಿ, ಸದಾ ಎರಡು ದುಂಡನೆಯ ಮಣ್ಣಿನ ಗುರುತು ಇರುತ್ತಿದ್ದವು. ಸೋಮವಾರ ಇಸ್ತ್ರಿ ಮಾಡಿ ಉಟ್ಟು ಬಂದರೂ ಬುಧವಾರದ ಹೊತ್ತಿಗೆ ಗುರುತು ಮೂಡಿರುತ್ತಿದ್ದವು. ಗುಡಿಯ ಕಟ್ಟೆ, ಹೊಲದ ಬದು, ಬಸ್ತಿಯ ಹಿತ್ತಲು, ಎಲ್ಲಿ ಹಳೆಯ ಕಲ್ಲು ಕಂಡರೂ ಅಲ್ಲೇ ಮೊಣಕಾಲೂರಿ ಕೂರುವುದು ಅವರ ಚಟ. ಬೆರಳನ್ನು ನಾಲಿಗೆಗೆ ತಾಗಿಸಿ, ಕಲ್ಲಿನ ಮೇಲೆ ಎಳೆದು, ಅಕ್ಷರವೋ ಬರೀ ಗೀರೋ ಎಂದು ನೋಡುತ್ತಿದ್ದರು. ನೋಡಿದ ಹೆಂಗಸರು, ಪಾಪ, ಲಗ್ನ ಆಗಿಲ್ಲ, ಅದಕ್ಕೇ ಹೀಗೆ ಎಂದು ಕಾರಣ ಕಂಡುಕೊಂಡಿದ್ದರು.

ಶೇಡಬಾಳದ ಹತ್ತಿರದ ನಮ್ಮ ಹಳ್ಳಿಯ ಹೈಸ್ಕೂಲಿಗೆ ಅವರು ಕಾಗವಾಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸಿನಲ್ಲೂ ಸುಮ್ಮನೆ ಕೂತವರಲ್ಲ. ಪಕ್ಕದ ಹೆಂಗಸಿನ ಕೌದಿಯ ಹೊಲಿಗೆ ನೋಡಿ, ಇದನ್ನು ಯಾರು ಕಲಿಸಿದರು, ಅವರಿಗೆ ಯಾರು ಕಲಿಸಿದರು ಎಂದು ಕನ್ನಡದಲ್ಲಿ ಅರ್ಧ, ಮರಾಠಿಯಲ್ಲಿ ಅರ್ಧ ಕೇಳುತ್ತ ಮೂರು ತಲೆಮಾರು ಹಿಂದಕ್ಕೆ ಹೋಗುತ್ತಿದ್ದರು. ಒಮ್ಮೆ ಹಾಗೆ ಕೇಳುತ್ತ ನಮ್ಮ ಊರು ದಾಟಿ ಹೋಗಿ, ಎರಡು ಮೈಲು ನಡೆದು ವಾಪಸು ಬಂದರು. ಬಂದವರೇ ಪ್ರಾರ್ಥನೆಗೆ ತಡವಾದದ್ದಕ್ಕೆ ಹೆಡ್‌ಮಾಸ್ತರರ ಬಳಿ ಕ್ಷಮೆ ಕೇಳಿ, ಆ ಹೆಂಗಸು ಹೇಳಿದ್ದನ್ನು ನಮಗೆ ಹೇಳತೊಡಗಿದರು.

ಎಂಬತ್ತರ ದಶಕದ ನಡುವಿನ ಮಾತು ಇದು. ನಾನಾಗ ಒಂಬತ್ತನೆಯ ಇಯತ್ತೆ. ಒಂದು ದಿನ ಅಕ್ಕೋರು ಪಾಠ ಮಾಡಲಿಲ್ಲ. ಪುಸ್ತಕ ತೆರೆದು ಅದರಲ್ಲಿರುವ ಹೆಂಗಸರನ್ನು ಲೆಕ್ಕ ಹಾಕಿ ಎಂದರು. ಕತ್ತಿ ಹಿಡಿದ ರಾಣಿಯರು ಇಬ್ಬರು ಸಿಕ್ಕರು. ವಚನ ಬರೆದ ಶರಣೆ ಒಬ್ಬಳು. ವಿಜ್ಞಾನದ ಪುಸ್ತಕವನ್ನೂ ತೆಗೆಸಿದಾಗ ಧಾತು ಕಂಡುಹಿಡಿದ ಪರದೇಶದ ಒಬ್ಬಾಕೆ ಸೇರಿಕೊಂಡಳು. ಅಕ್ಕೋರು ಬೋರ್ಡಿನ ಮೇಲೆ ನಾಲ್ಕು ಎಂದು ಬರೆದು ನಮ್ಮ ಕಡೆ ತಿರುಗಿದರು.

"ಈ ನಾಕ ಮಂದಿ ಭಾಳ ದೊಡ್ಡವರ ಖರೆ. ಆದ್ರ ಉಳದಾರೆಲ್ಲಾ ಎಲ್ಲಿ ಹೋದ್ರು? ಹುಡುಕೂಣೇನ?"

ಸಿಟ್ಟಿನಿಂದ ಕೇಳಿದ ಪ್ರಶ್ನೆಯಲ್ಲ ಅದು. ಎಲ್ಲೋ ಇಟ್ಟು ಮರೆತದ್ದನ್ನು ಹುಡುಕಲು ಹೊರಟವರ ದನಿ. ಪ್ರತಿಯೊಬ್ಬರೂ ತಮ್ಮ ಓಣಿಯಿಂದ ಒಬ್ಬ ಹೆಂಗಸಿನ ಸುದ್ದಿ ತರಬೇಕು, ಆಕೆ ಮಾಡಿದ್ದು ನಾಲ್ಕು ಮಂದಿಗೆ ಉಪಯೋಗ ಬಿದ್ದಿರಬೇಕು ಎಂದರು. ನಾವು ತಂದದ್ದನ್ನೆಲ್ಲ ಒಂದೇ ಮಾತಿನಲ್ಲಿ ಜರಡಿ ಹಿಡಿಯುತ್ತಿದ್ದರು: "ನೋಡಿ ಹೇಳ್ತಿಯೋ, ಕೇಳಿ ಹೇಳ್ತಿಯೋ?" ಕೇಳಿದ್ದನ್ನು ಬರೆಯಲು ಒಂದು ವಹಿ, ನೋಡಿದ್ದಕ್ಕೆ ಇನ್ನೊಂದು. ಮೊದಲನೆಯದು ವಾರದಲ್ಲಿ ತುಂಬಿತು. ಎರಡನೆಯದರಲ್ಲಿ ಒಂದೇ ಪುಟ ಆಗಿತ್ತು.

ನಾನು ತಂದದ್ದು ನಮ್ಮ ಆಯಿಯ ಮಾತು. ಆಯಿ ಅಂದರೆ ನನ್ನ ಅಪ್ಪನ ತಾಯಿ. ಊರ ಹಳೆಯ ಬಾವಿಯ ಕಟ್ಟೆಯಲ್ಲಿ ಒಂದು ಉದ್ದನೆಯ ಕಲ್ಲು ಹೂತಿತ್ತು. ಹೆಂಗಸರು ಅದರ ಮೇಲೆಯೇ ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಬಡಿ, ಆದರೆ ಕಾಲಿಡಬೇಡ, ಅದು ಅವ್ವನ ಕಲ್ಲು ಎಂದು ಆಯಿಗೆ ಆಕೆಯ ಅತ್ತೆ ಹೇಳಿದ್ದಳಂತೆ. ಯಾವ ಅವ್ವ ಎಂದು ಯಾರಿಗೂ ಗೊತ್ತಿರಲಿಲ್ಲ.

ಅಕ್ಕೋರು ಅದನ್ನು ಕೇಳಿದ್ದರ ವಹಿಯಲ್ಲಿ ಬರೆದುಕೊಂಡರು. ಬರುವ ರವಿವಾರವೇ ಒಂದು ಬ್ರಷ್ಷು, ಕಾಗದದ ಸುರುಳಿ, ಡಬ್ಬಿಯಲ್ಲಿ ದೀಪದ ಮಸಿ ಹಿಡಿದು ಬಂದಿಳಿದರು. ಕಲ್ಲು ತೊಳೆದು, ಹಸಿ ಕಾಗದ ಬಡಿದು ಕೂಡಿಸಿ, ಮೇಲೆ ಮಸಿ ಒತ್ತಿದಾಗ ಕಾಗದ ಕಪ್ಪಾಗಿ ನಡುನಡುವೆ ಬೆಳ್ಳಗೆ ಹಳಗನ್ನಡದ ಅಕ್ಷರಗಳು ಎದ್ದವು. ದಿನಾ ಅಪ್ಪನ ಧೋತರ ಬಡಿಯುತ್ತಿದ್ದ ಕಲ್ಲು ಅದು.

ಹೆಸರಿದ್ದ ಮೇಲಿನ ಸಾಲು ಸವೆದು ನುಣ್ಣಗಾಗಿತ್ತು. ಅದರ ಕೆಳಗೆ ಊರ ಮುಖ್ಯಸ್ಥರಿಗೆ ಹೇಳುವ ಗಾವುಂಡ ಎಂಬ ಪದ, ಅದರ ಕೊನೆ ಒಡೆದು ಗಾವುಂಡನೋ ಗಾವುಂಡಿಯೋ ತಿಳಿಯದಂತಾಗಿತ್ತು. ಕಟ್ಟಕಡೆಯ ಸಾಲಿನಲ್ಲಿ 'ಕೆಱೆಯಂ ಕಟ್ಟಿಸಿದ' ಎಂಬಷ್ಟು ಸ್ಪಷ್ಟ. ಮುಂದಿನ ಅಕ್ಷರ ಕಟ್ಟೆಯ ಗಚ್ಚಿನೊಳಗೆ ಹೋಗಿತ್ತು. ಅಕ್ಕೋರು ನಮಗೆ ತಿಳಿಸಿ ಹೇಳಿದರು: ಹಳಗನ್ನಡದಲ್ಲಿ ಕಟ್ಟಿಸಿದವರು ಗಂಡಸಾದರೆ 'ದಂ', ಹೆಂಗಸಾದರೆ 'ದಳ್'. ಅಂದರೆ ಕೆರೆ ಕಟ್ಟಿಸಿದ್ದು ಯಾರೆಂದು ಹೇಳುವ ಒಂದೇ ಒಂದು ಅಕ್ಷರ ಸುಣ್ಣದ ಕೆಳಗಿತ್ತು. ಊರಲ್ಲಿ ಕೆರೆಯೇ ಇಲ್ಲವಲ್ಲ ಎಂದು ನಾನು ಕೇಳಿದೆ. ಗೌಡರ ಕಬ್ಬಿನ ಹೊಲಕ್ಕೆ ಏನನ್ನುತ್ತೀರಿ ಎಂದು ಅವರು ತಿರುಗಿ ಕೇಳಿದರು. ಕೆರಿ ಹೊಲ. ಹುಟ್ಟಿದಾಗಿನಿಂದ ಹಾಗೆಂದವರು ನಾವು, ಯಾಕೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮಸಿಯ ಕಾಗದದ ಒಂದು ಪ್ರತಿ ಧಾರವಾಡದ ಪಂಡಿತರೊಬ್ಬರಿಗೆ ಟಪಾಲಿನಲ್ಲಿ ಹೋಯಿತು. ತಿಂಗಳಿಗೆ ಕಾರ್ಡು ಬಂತು. ಗಾವುಂಡನೊಬ್ಬ ಕೆರೆ ಕಟ್ಟಿಸಿದ ಶಾಸನ, ಅಭಿನಂದನೆಗಳು ಎಂದಿತ್ತು. ಸುದ್ದಿ ಗೌಡರಿಗೆ ಮುಟ್ಟಿತು. ಒಳ್ಳೆಯ ಮನುಷ್ಯ ಅವರು, ಶಾಲೆಯ ಕಮಿಟಿಯ ಅಧ್ಯಕ್ಷರೂ ಹೌದು. ಗಾವುಂಡ ಎಂದರೆ ತಮ್ಮ ಮನೆತನದ ಮೂಲಪುರುಷನೇ ಎಂದು ಹಿಗ್ಗಿ, ಆ ಕಲ್ಲನ್ನು ಎಬ್ಬಿಸಿ ತಾವಿದ್ದ ಹಳೆಯ ವಾಡೆಯ ಬಾಗಿಲಲ್ಲಿ ನಿಲ್ಲಿಸಿ ಪೂಜೆ ಮಾಡಿಸುವುದೆಂದು ದಿನ ಗೊತ್ತು ಮಾಡಿದರು.

ಅಕ್ಕೋರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೆಡ್‌ಮಾಸ್ತರರು ಅವರನ್ನು ಕರೆದು, ಧಾರವಾಡದವರೇ ಹೇಳಿದ ಮೇಲೆ ನಿಮ್ಮದೇನು, ಸುಮ್ಮನಿರಿ ಎಂದರಂತೆ. ಅಕ್ಕೋರು ಸುಮ್ಮನಿರಲಿಲ್ಲ, ಜಗಳಕ್ಕೂ ಹೋಗಲಿಲ್ಲ. ನೇರ ವಾಡೆಗೆ ಹೋಗಿ, ಕಲ್ಲು ಎಬ್ಬಿಸುವಾಗ ಕೆಳಗಿನ ಅಂಚನ್ನು ಮೊದಲು ತಮಗೆ ತೋರಿಸಬೇಕೆಂದು ಕೇಳಿಕೊಂಡರು. ಏನು ಸಿಕ್ಕೀತು ಎಂದು ಗೌಡರು ಕೇಳಿದಾಗ, ಗೊತ್ತಿಲ್ಲ, ಅದಕ್ಕೇ ನೋಡಬೇಕು ಎಂದರು. ಗಂಡಸೇ ಆಗಿದ್ದರೆ ಏನು ಮಾಡುವಿರಿ ಎಂದು ಮರುದಿನ ನಾನು ಕೇಳಿದೆ. ನನಗೆ ಒಳಗೊಳಗೇ ಅಂಜಿಕೆ. ಅವರು ನಕ್ಕರು. "ಗಂಡಸ ಅಂತ ಬರೀತೀನಿ. ನಮಗ ಬೇಕಾದ್ದ ಬರಿಯೂದಕ್ಕ ಕಲ್ಲ ಯಾಕ ಬೇಕ?"

ಆ ದಿನ ಊರಿಗೆ ಊರೇ ಬಾವಿಯ ಹತ್ತಿರ ನೆರೆದಿತ್ತು. ಗಂಡಸರು ಹಾರೆ ಹಾಕಿ ಗಚ್ಚು ಬಿಡಿಸಿ, ಕಲ್ಲನ್ನು ಮೀಟಿ ಗೋಣಿಚೀಲದ ಮೇಲೆ ಹೊರಳಿಸಿದರು. ಅಕ್ಕೋರು ಒದ್ದೆ ಅರಿವೆಯಿಂದ ಅಂಚಿನ ಸುಣ್ಣ ಒರೆಸುತ್ತ ಕೂತರು. ಒರೆಸಿದರು, ನೀರು ಹಾಕಿದರು, ಮತ್ತೆ ಒರೆಸಿದರು. ಮುಖದಲ್ಲಿ ಏನೂ ತೋರಿಸಲಿಲ್ಲ. ಆಮೇಲೆ ನನ್ನನ್ನು ಕರೆದರು.

"ನಾ ಏನೂ ಹೇಳಂಗಿಲ್ಲ. ನಿನ್ನ ಕಣ್ಣಿಗೆ ಏನ ಕಾಣತೈತಿ, ಅದನ್ನ ಓದು."

ಒದ್ದೆ ಅಂಚಿನ ಮೇಲೆ ಬೆರಳಿಟ್ಟು ಸರಿಸಿದೆ. 'ದ' ಆದ ಮೇಲೆ ಅನುಸ್ವಾರದ ಸೊನ್ನೆ ಇರಲಿಲ್ಲ. ಅಕ್ಕೋರು ಬೋರ್ಡಿನ ಮೇಲೆ ತಿದ್ದಿಸಿದ್ದ ಹಳೆಯ ಳಕಾರ, ನೀರಿನಲ್ಲಿ ಮಿನುಗುತ್ತ, ಮೊನ್ನೆ ಕೊರೆದಷ್ಟು ಹೊಸದಾಗಿ ಕೂತಿತ್ತು. ಗಚ್ಚು ಅದೊಂದನ್ನು ಕಾಪಾಡಿತ್ತು.

"ಕಟ್ಟಿಸಿದಳ್," ಎಂದು ಓದಿದೆ.

ಗೌಡರು ಬಗ್ಗಿ ಅಕ್ಷರವನ್ನು ತಾವೇ ಮುಟ್ಟಿ ನೋಡಿದರು. ಆಮೇಲೆ ರುಮಾಲು ಸರಿಮಾಡಿಕೊಂಡು, "ಹಂಗಾರ ಅಜ್ಜ ಅಲ್ಲ, ನಮ್ಮ ಅಜ್ಜಿ ಅನ್ರಿ," ಎಂದರು.

"ನಿಮ್ಮಾಕಿ ಅನ್ನೂದಕ್ಕೂ ಸಾಕ್ಷಿ ಬೇಕ್ರೀ ಗೌಡ್ರ," ಎಂದರು ಅಕ್ಕೋರು, ಅಷ್ಟೇ ಮೆತ್ತಗೆ.

ಗೌಡರೇ ಮೊದಲು ನಕ್ಕರು. ಆಗ ಊರೂ ನಕ್ಕಿತು. ಕಲ್ಲು ವಾಡೆಗೆ ಹೋಗಲಿಲ್ಲ, ಬಾವಿಯ ಪಕ್ಕದಲ್ಲೇ ಎತ್ತಿ ನಿಲ್ಲಿಸಿದರು. ಬಟ್ಟೆ ಒಗೆಯಲು ಬೇರೆ ಹಾಸುಗಲ್ಲನ್ನು ಗೌಡರೇ ಹಾಕಿಸಿಕೊಟ್ಟರು.

ನಗದೇ ಇದ್ದವಳು ನಮ್ಮ ಆಯಿ ಒಬ್ಬಳೇ. ಕಲ್ಲಿನ ಸವೆದ ಮೇಲಿನ ಭಾಗವನ್ನು ಅಂಗೈಯಿಂದ ಸವರುತ್ತ ನಿಂತಿದ್ದಳು. ಆಕೆಯ ಹೆಸರು ಏನಿತ್ತು ಎಂದು ಕೇಳಿದಳು. ಹೆಸರು ಅಳಿಸಿಹೋಗಿದೆ, ಇನ್ನು ತಿಳಿಯುವುದಿಲ್ಲ ಎಂದು ಅಕ್ಕೋರು ಹೇಳಿದಾಗ ಆಯಿ ತನ್ನ ಕೈ ನೋಡಿಕೊಂಡಳು. "ನಾವ ಬಡದ ಬಡದ ಅಳಸೇವಿ ನೋಡ್ರಿ. ನಮ್ಮ ಅತ್ತಿ, ನಾನು, ಈಗ ಈಕಿ." ಅವ್ವನ ಕಲ್ಲು ಎಂಬ ಮಾತನ್ನು ಅಷ್ಟು ವರ್ಷ ಉಳಿಸಿದವರೂ ನೀವೇ ಎಂದು ಅಕ್ಕೋರು ಆಯಿಗೆ ಹೇಳಬೇಕಿತ್ತು ಅನ್ನಿಸುತ್ತದೆ ನನಗೆ. ಬಹುಶಃ ಆ ಹೊತ್ತಿಗೆ ಅವರಿಗೂ ಹೊಳೆಯಲಿಲ್ಲ. ಮುಂದಿನ ವಾರ ಶಾಲೆಯಲ್ಲಿ ಕೇಳಿದ್ದರ ವಹಿ ತೆಗೆದು, ಆಯಿಯ ಮಾತನ್ನು ನೋಡಿದ್ದರ ವಹಿಗೆ ಇಳಿಸುವ ಕೆಲಸ ನನಗೇ ಕೊಟ್ಟರು. ಕೊನೆಯ ಅಕ್ಷರದ ಚಿತ್ರ ಬರೆದು ಕಳಿಸಿದ ಮೇಲೆ ಧಾರವಾಡದ ಪಂಡಿತರೂ, ನಾನು ಕಾಣದ್ದನ್ನು ಊಹಿಸಿದೆ, ನೀವು ಸರಿ ಎಂದು ಎರಡು ಸಾಲು ಬರೆದರು.

ಅಕ್ಕೋರ ನೌಕರಿ ಕಾಯಂ ಆಯಿತು, ಆದರೆ ಎರಡು ವರ್ಷಕ್ಕೆ ಅವರು ತಾವೇ ಕೇಳಿಕೊಂಡು ರಾಯಬಾಗದ ಕಡೆ ಹೋದರು. ಆ ಕಡೆಯ ಕಲ್ಲುಗಳನ್ನು ಯಾರೂ ನೋಡಿಲ್ಲ ಎಂಬುದು ಅವರು ಕೊಟ್ಟ ಕಾರಣ. ನಾನು ಓದಿ ಚಿಕ್ಕೋಡಿಯಲ್ಲಿ ಕನ್ನಡ ಕಲಿಸುವವಳಾದೆ. ವರ್ಷಕ್ಕೊಂದು ಪತ್ರ ಬರೆಯುತ್ತಿದ್ದೆ. ಅವರ ಉತ್ತರದಲ್ಲಿ ಯೋಗಕ್ಷೇಮ ಒಂದು ಸಾಲು, ಉಳಿದದ್ದೆಲ್ಲ ಪ್ರಶ್ನೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಬೇಸಿಗೆಯಲ್ಲಿ, ಅವರು ಅಲಖನೂರದ ತಮ್ಮನ ಮನೆಯಲ್ಲಿ ತೀರಿಕೊಂಡರು. ನನಗೆ ತಿಳಿದದ್ದು ಹದಿನೈದು ದಿನದ ಮೇಲೆ. ಹೋದಾಗ ಅವರ ತಮ್ಮ ಒಂದು ತಗಡಿನ ಟ್ರಂಕು ತಂದಿಟ್ಟು, ಇದನ್ನು ನೀವೇ ಒಯ್ಯಿರಿ ಎಂದರು. ಒಳಗೆ ಹನ್ನೆರಡು ಕಾಗದದ ಸುರುಳಿ, ಹನ್ನೆರಡು ಊರಿನ ಕಲ್ಲುಗಳ ಮಸಿಯ ಅಚ್ಚು. ಪ್ರತಿಯೊಂದರ ಮೂಲೆಯಲ್ಲೂ ಪೆನ್ಸಿಲ್ಲಿನಲ್ಲಿ ಏನೋ ಸಂಶಯ ಬರೆದಿತ್ತು. ಕೊಕಟನೂರದ ಕಡೆಯ ಒಂದರಲ್ಲಿ, 'ಹೆಂಗಸು ಇರಬಹುದು. ಇನ್ನೊಮ್ಮೆ ಹೋಗಿ ನೋಡಬೇಕು' ಎಂದಿತ್ತು.

ಮರುವಾರ ರಜೆ ಹಾಕಿ ಅಥಣಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ. ಹುಣಸೆ ಗಿಡದ ಬುಡದಲ್ಲಿದ್ದ ಆ ಕಲ್ಲು ಹುಡುಕಲು ಮಧ್ಯಾಹ್ನವಾಯಿತು. ತೊಳೆದು, ಬಿಸಿಲು ಓರೆಯಾಗುವವರೆಗೆ ಕಾದು ಓದಿದೆ. ಕಳ್ಳರಿಂದ ಊರ ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತ ಒಬ್ಬನ ವೀರಗಲ್ಲು ಅದು. ಮತ್ತೆ ಮತ್ತೆ ನೋಡಿದೆ. ಅಕ್ಷರ ಬದಲಾಗಲಿಲ್ಲ.

ಅಕ್ಕೋರ ಪೆನ್ಸಿಲ್ಲಿನ ಸಾಲಿನ ಕೆಳಗೆ, ಅವರು ಓದುತ್ತಾರೇನೋ ಎಂಬಂತೆ ದುಂಡಗೆ, 'ಹೋಗಿ ನೋಡಿದೆ. ಗಂಡಸು' ಎಂದು ಬರೆದೆ. ಸುರುಳಿ ಸುತ್ತಿ ಚೀಲಕ್ಕೆ ಹಾಕಿದೆ. ಇನ್ನೂ ಹನ್ನೊಂದು ಇದ್ದವು.